ಥ್ರ್ಯಾಶ್‌ನಲ್ಲಿ ದೊಡ್ಡವರು ಯಾರು? ನಾಲ್ಕೇ ಹೆಸರು ಯಾಕೆ?

ಹಳೇಕ್ಯಾಸೆಟ್, ಬಸವನಗುಡಿ

ಮೊನ್ನೆ ಆಫೀಸಿನ ಹುಡುಗನೊಬ್ಬ ಕೇಳಿದ. "ಸಾರ್, ಥ್ರ್ಯಾಶ್ ಮೆಟಲ್ ಕೇಳಬೇಕು ಅಂತಿದ್ದೀನಿ, ಯಾರಿಂದ ಶುರು ಮಾಡಲಿ?" ಥ್ರ್ಯಾಶ್ ಅಂದರೆ ಹೆವಿ ಮೆಟಲ್ ಸಂಗೀತದ ಅತಿ ವೇಗದ ಬಗೆ. ಮಗ್ಗಿ ಒಪ್ಪಿಸಿದ ಹಾಗೆ ನಾಲ್ಕು ಬ್ಯಾಂಡ್ ಹೆಸರು ಹೇಳಿಬಿಟ್ಟೆ. ಮೆಟಾಲಿಕಾ, ಮೆಗಾಡೆತ್, ಸ್ಲೇಯರ್, ಆಂಥ್ರಾಕ್ಸ್. ರಾತ್ರಿ ಮನೆಯಲ್ಲಿ ಎಕ್ಸೊಡಸ್ ಬ್ಯಾಂಡಿನ 'ಬಾಂಡೆಡ್ ಬೈ ಬ್ಲಡ್' ಆಲ್ಬಂ ಹಾಕಿಕೊಂಡು ಕೂತಾಗ ಮನಸ್ಸಿಗೆ ಚುಚ್ಚಿತು. ಎಕ್ಸೊಡಸ್ ಹೆಸರು ನನ್ನ ಬಾಯಿಗೆ ಯಾಕೆ ಬರಲಿಲ್ಲ?

ಈ 'ಬಿಗ್ ಫೋರ್' ಅನ್ನೋದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. 2010ರಲ್ಲಿ ವಾರ್ಸಾದಲ್ಲಿ ನಾಲ್ಕೂ ಬ್ಯಾಂಡ್ ಮೊದಲ ಸಲ ಒಂದೇ ದಿನ ಒಂದೇ ವೇದಿಕೆ ಹತ್ತಿದವು. ಅದೇ ತಿಂಗಳ ಸೋಫಿಯಾ ಕಾರ್ಯಕ್ರಮವನ್ನು ಚಿತ್ರಮಂದಿರಗಳಲ್ಲೂ ತೋರಿಸಿದರು. ಆಮೇಲೆ ಈ ಹೆಸರಿಗೆ ಮುದ್ರೆ ಬಿದ್ದ ಹಾಗಾಯಿತು. ಆ ನಾಲ್ಕರ ಮೇಲೆ ನನಗೆ ಕೋಪ ಇಲ್ಲ, ನಾಲ್ಕನ್ನೂ ಪ್ರೀತಿಸುತ್ತೇನೆ. ಆದರೆ ನಾಲ್ಕಕ್ಕೆ ಗೆರೆ ಎಳೆದದ್ದು ಮಾರಾಟ. ಯಾರ ರೆಕಾರ್ಡ್ ಜಾಸ್ತಿ ಹೋಯಿತು, ಯಾರಿಗೆ ದೊಡ್ಡ ಕಂಪನಿ ಸಿಕ್ಕಿತು ಅನ್ನೋದರ ಮೇಲೆ ಆ ಪಟ್ಟಿ ನಿಂತಿದೆ.

ಎಕ್ಸೊಡಸ್ ವಿಷಯ ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದ ಹುಡುಗರು. ಮೆಟಾಲಿಕಾ ಹುಟ್ಟುವುದಕ್ಕೂ ಮೊದಲೇ ಸೇರಿ ನುಡಿಸುತ್ತಿದ್ದರು. ಅವರ ಗಿಟಾರ್‌ಕಾರ ಕರ್ಕ್ ಹ್ಯಾಮೆಟ್ 1983ರಲ್ಲಿ ಮೆಟಾಲಿಕಾಗೆ ಹೋದರು. ಹೋಗುವಾಗ ಒಂದು ತುಣುಕು ಸಂಗೀತವೂ ಜೊತೆಗೆ ಹೋಯಿತು. ಮೆಟಾಲಿಕಾದ 'ಕ್ರೀಪಿಂಗ್ ಡೆತ್' ಹಾಡಿನ ನಡುವೆ ಇಡೀ ಮೈದಾನ ಮುಷ್ಟಿ ಎತ್ತಿ "ಡೈ, ಡೈ" ಅಂತ ಕೂಗುತ್ತದಲ್ಲ, ಆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎಕ್ಸೊಡಸ್‌ನ ಹಳೆಯ ಹಾಡೊಂದರದ್ದು. ಲಕ್ಷಾಂತರ ಜನ ಎಕ್ಸೊಡಸ್ ರಿಫ್‌ಗೆ ತಲೆ ಅಲ್ಲಾಡಿಸಿದ್ದಾರೆ, ಅದು ಯಾರದ್ದು ಅಂತ ಗೊತ್ತಿಲ್ಲದೆ.

'ಬಾಂಡೆಡ್ ಬೈ ಬ್ಲಡ್' 1984ರಲ್ಲೇ ರೆಕಾರ್ಡ್ ಆಗಿತ್ತು. ಅಂಗಡಿಗೆ ಬಂದದ್ದು 1985ರ ಏಪ್ರಿಲ್‌ನಲ್ಲಿ. ಆ ತಡದಲ್ಲೇ ಅವರ ಹಣೆಬರಹ ಬದಲಾಯಿತು ಅಂತ ನನ್ನ ನಂಬಿಕೆ.

ಮಾರಾಟ ಪಕ್ಕಕ್ಕಿಡೋಣ. ನಾನು ಕೇಳೋ ಪ್ರಶ್ನೆ ಇಷ್ಟೇ: ಈ ಬ್ಯಾಂಡ್ ಇಲ್ಲದಿದ್ದರೆ ಥ್ರ್ಯಾಶ್ ಇವತ್ತು ಇರುವ ಹಾಗೆ ಇರುತ್ತಿತ್ತಾ? ಆ ಲೆಕ್ಕದಲ್ಲಿ ಎಕ್ಸೊಡಸ್ ಒಳಗೆ. ಆಂಥ್ರಾಕ್ಸ್ ಬಗ್ಗೆ ನನಗೆ ಅನುಮಾನ ಇದೆ. ನೀವು ಹೇಳಿ.

ಹೊಸಕಿವಿ, ಶಿವಮೊಗ್ಗ

ನಾನು ಕೇಳೋಕೆ ಶುರು ಮಾಡಿ ಒಂದು ವರ್ಷ ಆಯಿತು ಅಷ್ಟೇ. ಒಂದು ಪ್ರಶ್ನೆ. ಥ್ರ್ಯಾಶ್ ಅಂದರೆ ವೇಗ ಮಾತ್ರನಾ? ವೇಗ ಮೋಟರ್‌ಹೆಡ್‌ನಲ್ಲೂ ಇದೆ, ಪಂಕ್‌ನಲ್ಲೂ ಇದೆ. ಹಾಗಿದ್ದರೆ ಯಾವುದನ್ನು ಇಟ್ಟುಕೊಂಡು ಅಳೆಯೋದು?

ಬಲಗೈ, ಮೈಸೂರು

ತಮ್ಮಾ, ಒಳ್ಳೆಯ ಪ್ರಶ್ನೆ. ನಾನು ಗಿಟಾರ್ ಹೇಳಿಕೊಡುತ್ತೇನೆ, ಹಾಗಾಗಿ ಗಿಟಾರ್ ಕಡೆಯಿಂದ ಹೇಳುತ್ತೇನೆ. ಥ್ರ್ಯಾಶ್ ಇರೋದು ಬಲಗೈಯಲ್ಲಿ. ಅಂಗೈಯ ಅಂಚನ್ನು ಬ್ರಿಡ್ಜ್ (ತಂತಿ ಕಟ್ಟಿರುವ ಕೆಳತುದಿ) ಹತ್ತಿರ ತಂತಿಗಳ ಮೇಲೆ ಹಗುರವಾಗಿ ಇಡಬೇಕು. ಆಗ ತಂತಿ ಪೂರ್ತಿ ಮೊಳಗೋದಿಲ್ಲ, 'ಜುಗ್ ಜುಗ್' ಅಂತ ಮೊಂಡಾಗಿ ಹೊಡೆಯುತ್ತದೆ. ಅದನ್ನು ಅತಿ ವೇಗದಲ್ಲಿ, ಒಂದು ಹೊಡೆತ ಇನ್ನೊಂದಕ್ಕೆ ತಾಗದ ಹಾಗೆ ನುಡಿಸಬೇಕು. ಮೋಟರ್‌ಹೆಡ್‌ನಲ್ಲಿ ಸದ್ದು ಒಂದು ಪ್ರವಾಹದ ಹಾಗೆ ಬರುತ್ತದೆ. ಥ್ರ್ಯಾಶ್‌ನಲ್ಲಿ ಅದು ಕತ್ತರಿಸಿದ ತುಂಡು ತುಂಡಾಗಿ ಬರುತ್ತದೆ. ವ್ಯತ್ಯಾಸ ಅಲ್ಲಿದೆ.

ಇದರ ಬೇರು ಇಂಗ್ಲೆಂಡಿನಲ್ಲಿ. ಡೈಮಂಡ್ ಹೆಡ್‌ನ 1980ರ ಆಲ್ಬಂ ಕೇಳಿ, ಮೆಟಾಲಿಕಾದ ಅರ್ಧ ವ್ಯಾಕರಣ ಅಲ್ಲಿ ಸಿಗುತ್ತದೆ. ವೆನಮ್‌ನಿಂದ ಕೊಳಕು, ಕತ್ತಲೆ ಬಂತು. ಡಿಸ್ಚಾರ್ಜ್‌ನಂಥ ಪಂಕ್ ಬ್ಯಾಂಡ್‌ಗಳಿಂದ ಕೋಪ ಬಂತು. ಈ ಮೂರನ್ನೂ ಕ್ಯಾಲಿಫೋರ್ನಿಯಾದ ಹುಡುಗರು ಟೇಪ್‌ಗಳಲ್ಲಿ ಕೇಳಿ ಕಲಸಿದರು.

ನನ್ನ ಮಟ್ಟಿಗೆ ಈ ಬಲಗೈಯ ಮೊದಲ ದೊಡ್ಡ ಗುರು ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್. 'ಮಾಸ್ಟರ್ ಆಫ್ ಪಪೆಟ್ಸ್' ಹಾಡು 8 ನಿಮಿಷ ದಾಟುತ್ತದೆ. ಅದರ ಮುಖ್ಯ ರಿಫ್ ಪೂರ್ತಿ ಕೆಳಮುಖದ ಹೊಡೆತ. ಪಿಕ್ ಮೇಲೆ ಬರುವಾಗ ತಂತಿ ಮುಟ್ಟುವ ಹಾಗಿಲ್ಲ. ನನ್ನ ಹತ್ತಿರ ಬರುವ ಹುಡುಗರು ಮೂರನೇ ನಿಮಿಷಕ್ಕೇ ಮೊಣಕೈ ಹಿಡಿದುಕೊಂಡು ನಿಲ್ಲಿಸುತ್ತಾರೆ. ಆ ವೇಗದಲ್ಲಿ ನುಡಿಸುತ್ತಾ ಹಾಡುವುದು ಇನ್ನೊಂದು ಮಾತು.

ಆದರೆ ಹಳೇಕ್ಯಾಸೆಟ್ ಸಾರ್ ಹೇಳಿದ್ದು ಸರಿ. ಅಷ್ಟೇ ದೊಡ್ಡ ಇನ್ನೊಂದು ಬಲಗೈ ಎಕ್ಸೊಡಸ್ ಗಿಟಾರ್‌ಕಾರ ಗ್ಯಾರಿ ಹೋಲ್ಟ್ ಅವರದ್ದು. ಹೆಟ್‌ಫೀಲ್ಡ್ ಕೈ ಯಂತ್ರದಷ್ಟು ಅಚ್ಚುಕಟ್ಟು. ಹೋಲ್ಟ್ ಕೈಯಲ್ಲಿ ಒಂದು ಕುಣಿತ ಇದೆ, ತುಂಟತನ ಇದೆ. ಆಮೇಲೆ ಬಂದ ನೂರಾರು ಬ್ಯಾಂಡ್‌ಗಳಲ್ಲಿ ನಾನು ಜಾಸ್ತಿ ಕೇಳೋದು ಹೋಲ್ಟ್ ಕೈಯನ್ನೇ.

ಕಡಲಬದಿ, ಮಂಗಳೂರು

ಅಲ್ಲ ಮಾರಾಯ್ರೇ, ಆಂಥ್ರಾಕ್ಸ್ ಬಗ್ಗೆ ಅನುಮಾನವಾ? ಇದಕ್ಕೆ ಉತ್ತರ ಕೊಡದೆ ಇವತ್ತು ನನಗೆ ನಿದ್ದೆ ಬರೋದಿಲ್ಲ.

ಮೊದಲನೆಯದಾಗಿ, 'ಥ್ರ್ಯಾಶ್ ಮೆಟಲ್' ಅನ್ನೋ ಹೆಸರೇ ಬಂದದ್ದು ಆಂಥ್ರಾಕ್ಸ್ ಹಾಡಿನಿಂದ. 1984ರಲ್ಲಿ ಕೆರಾಂಗ್ ಪತ್ರಿಕೆಯ ಮಾಲ್ಕಮ್ ಡೋಮ್ 'ಮೆಟಲ್ ಥ್ರ್ಯಾಶಿಂಗ್ ಮ್ಯಾಡ್' ಬಗ್ಗೆ ಬರೆಯುವಾಗ ಆ ಪದ ಬಳಸಿದರು. ಹೆಸರು ಕೊಟ್ಟ ಮನೆಯವರನ್ನೇ ಹೊರಗೆ ನಿಲ್ಲಿಸುತ್ತೀರಾ?

ಎರಡನೆಯದು, ಎಲ್ಲರೂ ಕ್ಯಾಲಿಫೋರ್ನಿಯಾ ಕ್ಯಾಲಿಫೋರ್ನಿಯಾ ಅಂತೀರಿ. ನ್ಯೂಯಾರ್ಕ್ ಇಲ್ಲದೆ ಮೆಟಾಲಿಕಾದ ಮೊದಲ ಆಲ್ಬಂ ಬರುತ್ತಲೇ ಇರಲಿಲ್ಲ. ನ್ಯೂಜೆರ್ಸಿಯಲ್ಲಿ ಜಾನ್ ಜಝೂಲಾ ಮತ್ತು ಅವರ ಹೆಂಡತಿ ಮಾರ್ಷಾ ಒಂದು ರೆಕಾರ್ಡ್ ಅಂಗಡಿ ಇಟ್ಟಿದ್ದರು. ಮೆಟಾಲಿಕಾದ ಡೆಮೊ ಟೇಪ್ ಕೇಳಿ ಹುಡುಗರನ್ನು ಕರೆಸಿಕೊಂಡರು. ಬೇರೆ ಯಾವ ಕಂಪನಿಯೂ ಮುಟ್ಟದಿದ್ದಾಗ ತಾವೇ ಮೆಗಾಫೋರ್ಸ್ ಅಂತ ಕಂಪನಿ ಕಟ್ಟಿ 1983ರ ಜುಲೈಯಲ್ಲಿ 'ಕಿಲ್ ಎಮ್ ಆಲ್' ತಂದರು. ಆಗ ಮೆಟಾಲಿಕಾ ಹುಡುಗರು ಕ್ವೀನ್ಸ್‌ನ ಒಂದು ಕಟ್ಟಡದಲ್ಲಿ ಬರೀ ನೆಲದ ಮೇಲೆ ಮಲಗುತ್ತಿದ್ದರು. ಅಲ್ಲೇ ಅಭ್ಯಾಸ ಮಾಡುತ್ತಿದ್ದ ಆಂಥ್ರಾಕ್ಸ್‌ನವರು ಅವರಿಗೆ ಒಂದು ಫ್ರಿಜ್ಜು, ಒಂದು ಪುಟ್ಟ ಓವನ್ ತಂದುಕೊಟ್ಟರು. ಆಂಥ್ರಾಕ್ಸ್ ಗಿಟಾರ್‌ಕಾರ ಸ್ಕಾಟ್ ಇಯಾನ್ ಇದನ್ನು ಬಹಳ ಸಲ ಹೇಳಿಕೊಂಡಿದ್ದಾರೆ. ನನಗೆ ಈ ಸಂಗತಿ ತುಂಬಾ ಇಷ್ಟ.

ಮೂರನೆಯದು ಸಂಗೀತ. 1987ರ 'ಅಮಂಗ್ ದಿ ಲಿವಿಂಗ್' ಕೇಳಿ. ಉಳಿದವರು ಸಾವು, ಸೈತಾನ, ಯುದ್ಧ ಅಂತ ಹಾಡುವಾಗ ಇವರು ಬೀದಿಯ ಹುಡುಗರಾಗಿಯೇ ಉಳಿದರು. ಚಡ್ಡಿ ಹಾಕಿಕೊಂಡು ವೇದಿಕೆ ಹತ್ತಿದರು. 1991ರಲ್ಲಿ ಪಬ್ಲಿಕ್ ಎನಿಮಿ ಜೊತೆ ಸೇರಿ ರ್‍ಯಾಪ್ ಹಾಡು ಮಾಡಿದರು. ಆ ಕಾಲಕ್ಕೆ ಮೆಟಲ್ ಕೇಳುವವರೂ ರ್‍ಯಾಪ್ ಕೇಳುವವರೂ ಬೇರೆ ಬೇರೆ ಲೋಕದವರು. ಆ ಬಾಗಿಲು ತೆಗೆದದ್ದು ದೊಡ್ಡ ಕೆಲಸ ಅಲ್ವಾ?

ರೈನಿಂಗ್86, ಬೆಂಗಳೂರು

ಯಾರನ್ನು ಬೇಕಾದರೂ ಸೇರಿಸಿ, ಬಿಡಿ. ನನ್ನದು ಒಂದೇ ಮಾತು. ಥ್ರ್ಯಾಶ್‌ನಲ್ಲಿ ಒಂದೇ ಆಲ್ಬಂ ಉಳಿಸಿಕೊಳ್ಳಬೇಕು ಅಂದರೆ ಅದು ಸ್ಲೇಯರ್‌ನ 'ರೈನ್ ಇನ್ ಬ್ಲಡ್'. 1986ರ ಅಕ್ಟೋಬರ್. 10 ಹಾಡು, ಸುಮಾರು 29 ನಿಮಿಷ. ಎಷ್ಟು ಚಿಕ್ಕದು ಅಂದರೆ ಕ್ಯಾಸೆಟ್‌ನ ಒಂದೇ ಬದಿಯಲ್ಲಿ ಇಡೀ ಆಲ್ಬಂ ಮುಗಿಯುತ್ತಿತ್ತು, ಇನ್ನೊಂದು ಬದಿಯಲ್ಲಿ ಮತ್ತೆ ಅದೇ ಆಲ್ಬಂ.

ಆಗ ಮೆಟಲ್ ರೆಕಾರ್ಡ್‌ಗಳಲ್ಲಿ ಪ್ರತಿಧ್ವನಿ ತುಂಬಿರುತ್ತಿತ್ತು, ಗುಹೆಯೊಳಗೆ ನುಡಿಸಿದ ಹಾಗೆ. ನಿರ್ಮಾಪಕ ರಿಕ್ ರೂಬಿನ್ ಬಂದು ಅದನ್ನೆಲ್ಲ ತೆಗೆದು ಹಾಕಿದರು. ಅವರು ಅದುವರೆಗೆ ಮಾಡುತ್ತಿದ್ದದ್ದು ಹಿಪ್ ಹಾಪ್. ಅದಕ್ಕೇ ಗೊತ್ತಿತ್ತು, ಇಷ್ಟು ವೇಗದ ಸಂಗೀತಕ್ಕೆ ಪ್ರತಿಧ್ವನಿ ಸೇರಿದರೆ ಎಲ್ಲ ಕಲಸಿಹೋಗುತ್ತದೆ ಅಂತ. ಡ್ರಮ್ ನಿಮ್ಮ ಎದುರಿಗೇ ಇದೆ ಅನಿಸುತ್ತದೆ. ಆಮೇಲೆ ಬಂದ, ಇದಕ್ಕಿಂತಲೂ ಒರಟಾದ ಡೆತ್ ಮೆಟಲ್ ಪೂರ್ತಿ ಈ 29 ನಿಮಿಷಕ್ಕೆ ಸಾಲಗಾರ.

2012ರ ಅಕ್ಟೋಬರ್‌ನಲ್ಲಿ ಸ್ಲೇಯರ್ ನಮ್ಮೂರಿಗೆ ಬಂದಾಗ ನಾನು ಮುಂದಿನ ಸಾಲಿನಲ್ಲಿದ್ದೆ. ಗಿಟಾರ್‌ಕಾರ ಜೆಫ್ ಹ್ಯಾನಮನ್ ಬಂದಿರಲಿಲ್ಲ, ಕೈಗೆ ಸೋಂಕಾಗಿ ಪ್ರವಾಸ ಬಿಟ್ಟಿದ್ದರು. ಮುಂದಿನ ವರ್ಷ ಮೇನಲ್ಲಿ ತೀರಿಕೊಂಡರು. ಆ ಸಲ ಅವರ ಜಾಗದಲ್ಲಿ ನುಡಿಸಿದ್ದು ಇದೇ ಗ್ಯಾರಿ ಹೋಲ್ಟ್. ಹಾಗಾಗಿ ಎಕ್ಸೊಡಸ್ ಬಗ್ಗೆ ನನ್ನ ಒಪ್ಪಿಗೆ ಇದೆ. ಸ್ಲೇಯರ್‌ನವರೇ ತಮ್ಮ ಗೆಳೆಯನ ಜಾಗಕ್ಕೆ ಯಾರನ್ನು ಕರೆದರು ನೋಡಿ.

ಡಬಲ್‌ಬೇಸ್, ಧಾರವಾಡ

ಎಲ್ಲರೂ ಗಿಟಾರ್ ಗಿಟಾರ್ ಅಂತೀರಲ್ಲರೀ. ನಾನು ಹನ್ನೊಂದು ವರ್ಷದಿಂದ ಡ್ರಮ್ ನುಡಿಸುತ್ತೇನೆ. ಹಿಂದೆ ಕೂತವರ ಬಗ್ಗೆ ಸ್ವಲ್ಪ ಹೇಳಲೇಬೇಕು.

ಥ್ರ್ಯಾಶ್ ಬೀಟ್ ಕಾಗದದ ಮೇಲೆ ಬಹಳ ಸರಳ. ಬಲಗಾಲಿನ ಬೇಸ್ ಡ್ರಮ್ ಒಂದು, ಕೈಯ ಸ್ನೇರ್ ಡ್ರಮ್ ಒಂದು, ಮತ್ತೆ ಬೇಸ್ ಒಂದು, ಸ್ನೇರ್ ಒಂದು. ಓಡುವ ರೈಲಿನ ಹಾಗೆ. ಕಷ್ಟ ಇರೋದು ಅದನ್ನು ಐದು ನಿಮಿಷ ಅದೇ ವೇಗದಲ್ಲಿ, ಕೈ ಬಿಗಿಯಾಗದ ಹಾಗೆ ಹಿಡಿಯೋದರಲ್ಲಿ. ಭುಜದಿಂದ ಹೊಡೆದರೆ ಎರಡು ಹಾಡಿಗೆ ಸುಸ್ತು. ಮಣಿಕಟ್ಟು, ಬೆರಳಿನಿಂದ ಬರಬೇಕು.

ಸ್ಲೇಯರ್ ಡ್ರಮ್ಮರ್ ಡೇವ್ ಲೊಂಬಾರ್ಡೊ ಕ್ಯೂಬಾದಲ್ಲಿ ಹುಟ್ಟಿದವರು. 'ಏಂಜೆಲ್ ಆಫ್ ಡೆತ್' ಕೊನೆಯ ಭಾಗದಲ್ಲಿ ಎಲ್ಲ ನಿಂತು ಅವರ ಎರಡು ಕಾಲು ಮಾತ್ರ ಓಡುತ್ತವಲ್ಲ, ಅದನ್ನು ಕೇಳಿಯೇ ನಾನು ಡಬಲ್ ಪೆಡಲ್ ಕೊಂಡದ್ದು. ಆ ಎರಡು ಕಾಲಿನ ಆಟಕ್ಕೆ ದಾರಿ ತೋರಿಸಿದ್ದು 1979ರಲ್ಲಿ ಮೋಟರ್‌ಹೆಡ್‌ನ ಫಿಲ್ ಟೇಲರ್, ಅದನ್ನೂ ಮರೆಯಬೇಡಿ.

ಕಡಲಬದಿಯವರಿಗೆ ಒಂದು ಸಾಕ್ಷಿ ಕೊಡುತ್ತೇನೆ. ಆಂಥ್ರಾಕ್ಸ್‌ನ ಚಾರ್ಲಿ ಬೆನಾಂಟೆ 1985ರಲ್ಲಿ ಎಸ್‌ಒಡಿ ಅನ್ನೋ ಪಕ್ಕದ ಬ್ಯಾಂಡ್‌ನಲ್ಲಿ ನುಡಿಸಿದ್ದನ್ನು ಕೇಳಿ. ಬ್ಲಾಸ್ಟ್ ಬೀಟ್ (ಮೆಷಿನ್ ಗನ್ ಹಾಗೆ ಎಡೆಬಿಡದ ಅತಿ ವೇಗದ ಹೊಡೆತ) ಜನರ ಕಿವಿಗೆ ಬಿದ್ದ ಮೊದಲ ರೆಕಾರ್ಡ್‌ಗಳಲ್ಲಿ ಅದೊಂದು. ಇವತ್ತಿನ ಡೆತ್ ಮೆಟಲ್ ಡ್ರಮ್ಮರ್ ಪ್ರತಿಯೊಬ್ಬರೂ ಅದನ್ನು ಬಳಸುತ್ತಾರೆ. ಆಂಥ್ರಾಕ್ಸ್ ಒಳಗೆ ಇರಲೇಬೇಕು.

ಆದರೆ ನನ್ನ ಮನಸ್ಸಿನ ದೊಡ್ಡವರು ಬೇರೆ. ಡಾರ್ಕ್ ಏಂಜೆಲ್. 1986ರ 'ಡಾರ್ಕ್‌ನೆಸ್ ಡಿಸೆಂಡ್ಸ್'. ಡ್ರಮ್ ನುಡಿಸಿದ ಜೀನ್ ಹೋಗ್ಲನ್‌ಗೆ ಆಗ ಹತ್ತೊಂಬತ್ತೂ ಸರಿಯಾಗಿ ತುಂಬಿರಲಿಲ್ಲ. ಅದಕ್ಕೂ ಮೊದಲು ಅವರು ಸ್ಲೇಯರ್ ಕಾರ್ಯಕ್ರಮಗಳಿಗೆ ಲೈಟ್ ನೋಡಿಕೊಳ್ಳುತ್ತಿದ್ದ ಹುಡುಗ. ಈ ಆಲ್ಬಂ ಬಂದದ್ದು 'ಮಾಸ್ಟರ್ ಆಫ್ ಪಪೆಟ್ಸ್' ಬಂದ ವರ್ಷ, 'ರೈನ್ ಇನ್ ಬ್ಲಡ್' ಬಂದ ವರ್ಷ. ಹಾಗಾಗಿ ಮೂಲೆಗೆ ಬಿತ್ತು. ಬೇರೆ ಯಾವ ವರ್ಷ ಬಂದಿದ್ದರೂ ಅದೇ ರಾಜ.

ರೂರ್‌ಕನ್ನಡಿಗ, ಡ್ಯೂಸೆಲ್‌ಡಾರ್ಫ್

ಇಷ್ಟು ಹೊತ್ತಾದರೂ ಯಾರೂ ಜರ್ಮನಿ ಅನ್ನಲಿಲ್ಲ. ನಾನು ಇಲ್ಲಿ ಎಂಟು ವರ್ಷದಿಂದ ಇದ್ದೇನೆ. ದಯವಿಟ್ಟು ಸ್ವಲ್ಪ ಜಾಗ ಬಿಡಿ.

ರೂರ್ ಅಂದರೆ ಕಲ್ಲಿದ್ದಲಿನ ನಾಡು. ಎಸ್ಸೆನ್‌ನಿಂದ ಕ್ರಿಯೇಟರ್, ಪಕ್ಕದ ಗೆಲ್ಸೆನ್‌ಕಿರ್ಶೆನ್‌ನಿಂದ ಸೋಡಮ್. ಎರಡೂ ಊರಿನ ನಡುವೆ ಟ್ರಾಮ್‌ನಲ್ಲಿ ಓಡಾಡಬಹುದು, ಅಷ್ಟು ಹತ್ತಿರ. ಸೋಡಮ್‌ನ ಟಾಮ್ ಏಂಜೆಲ್‌ರಿಪ್ಪರ್ ಗಣಿ ಕೆಲಸಗಾರರಾಗಿದ್ದರು. ಪಾಳಿ ಮುಗಿಸಿ ಬಂದು ಬೇಸ್ ಗಿಟಾರ್ ಹಿಡಿಯುತ್ತಿದ್ದರು. ಗಣಿಯಿಂದ ಹೊರಗೆ ಬರಬೇಕು ಅನ್ನೋ ಹಟದಲ್ಲೇ ಆ ಬ್ಯಾಂಡ್ ನಿಂತಿತು. ಕ್ರಿಯೇಟರ್‌ನ ಮಿಲೆ ಪೆಟ್ರೊಜ್ಜಾ ಮೂಲ ಇಟಲಿ ಕಡೆಯದು. 1986ರಲ್ಲಿ ಎಸ್ಸೆನ್‌ನ ಝೋಲ್‌ಫೆರೈನ್ ಗಣಿ ಮುಚ್ಚಿತು. ಅದೇ ವರ್ಷ 'ಪ್ಲೆಷರ್ ಟು ಕಿಲ್' ಬಂತು. ಈಗ ಆ ಗಣಿ ವಿಶ್ವ ಪರಂಪರೆಯ ತಾಣ, ವಾರಾಂತ್ಯದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಅಲ್ಲಿ ನಿಂತು ಆ ಆಲ್ಬಂ ಕೇಳಿದರೆ ಆ ಸದ್ದು ಯಾಕೆ ಅಷ್ಟು ಒರಟು ಅಂತ ಅರ್ಥ ಆಗುತ್ತದೆ. ಕ್ಯಾಲಿಫೋರ್ನಿಯಾದ ಬ್ಯಾಂಡ್‌ಗಳಲ್ಲಿ ಒಂದು ಬಿಸಿಲು ಇದೆ. ಇಲ್ಲಿಯದರಲ್ಲಿ ಮಸಿ ಇದೆ.

ದಕ್ಷಿಣದಲ್ಲಿ ಸ್ವಿಸ್ ಗಡಿಯ ಹತ್ತಿರ ಡಿಸ್ಟ್ರಕ್ಷನ್. ಮೂರೇ ಜನ, ಒಂದೇ ಗಿಟಾರ್, ಗರಗಸದ ಹಾಗಿರುವ ಸದ್ದು. 'ಇನ್ಫರ್ನಲ್ ಓವರ್‌ಕಿಲ್', 1985. ಫ್ರಾಂಕ್‌ಫರ್ಟ್‌ನ ಟ್ಯಾಂಕಾರ್ಡ್ ಸೇರಿಸಿ ಜರ್ಮನ್ನರು ತಮ್ಮದೇ ನಾಲ್ಕು ಅನ್ನುತ್ತಾರೆ. 2024ರ ಜುಲೈಯಲ್ಲಿ ಆ ನಾಲ್ಕೂ ಬ್ಯಾಂಡ್ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಒಂದೇ ದಿನ ನುಡಿಸಿದವು. ಎಪ್ಪತ್ತರ ಹತ್ತಿರದವರೂ ಬಂದಿದ್ದರು, ಹತ್ತು ವರ್ಷದ ಮಕ್ಕಳೂ ಬಂದಿದ್ದರು.

ನಾರ್ವೆಯ ಬ್ಲ್ಯಾಕ್ ಮೆಟಲ್ ಹುಡುಗರು ಸೋಡಮ್, ಡಿಸ್ಟ್ರಕ್ಷನ್ ಕೇಳಿ ಬೆಳೆದವರು. ಅಂದಮೇಲೆ ಹಳೇಕ್ಯಾಸೆಟ್ ಅವರ ಪ್ರಶ್ನೆಗೆ, 'ಇವರಿಲ್ಲದಿದ್ದರೆ' ಅನ್ನೋದಕ್ಕೆ, ನನ್ನ ಉತ್ತರ ಇಲ್ಲಿದೆ. ಕ್ರಿಯೇಟರ್ ಹೊರಗಿರುವ ಯಾವ ಪಟ್ಟಿಯನ್ನೂ ನಾನು ಒಪ್ಪೋದಿಲ್ಲ.

ಚಾಂಪಿಯನ್‌ರೀಫ್, ಕೆಜಿಎಫ್

ರೂರ್ ಅಣ್ಣ, ನಿಮ್ಮ ಬರಹ ಓದಿ ಎದೆ ತುಂಬಿತು. ನಮ್ಮ ತಾತ ಇಲ್ಲಿನ ಗಣಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. 2001ರಲ್ಲಿ ಮುಚ್ಚಿದರು. ಸೈರನ್ ನಿಂತ ಮೇಲೆ ಊರಿನ ಗಡಿಯಾರವೇ ನಿಂತ ಹಾಗಾಯಿತು ಅನ್ನುತ್ತಿದ್ದರು. ಸೋಡಮ್‌ನವರು ಗಣಿಯವರು ಅಂತ ಇವತ್ತೇ ಗೊತ್ತಾಯಿತು. ಈಗಲೇ 'ಏಜೆಂಟ್ ಆರೆಂಜ್' ಹಾಕಿದ್ದೇನೆ. ಶುರುವಿನ ಆ ನಿಧಾನದ ಭಾಗ ಮುಗಿದು ಡ್ರಮ್ ಬಿದ್ದಾಗ ಮೈ ಜುಮ್ಮೆಂದಿತು. ನನ್ನ ಓಟು ಸೋಡಮ್‌ಗೆ.

ಹಳೇಕ್ಯಾಸೆಟ್, ಬಸವನಗುಡಿ

ಕಡಲಬದಿಯವರೇ, ಧಾರವಾಡದ ಮೇಡಂ, ಆಂಥ್ರಾಕ್ಸ್ ವಿಷಯದಲ್ಲಿ ನಾನು ಸೋತೆ. ಬೆನಾಂಟೆ ಬಗ್ಗೆ ಓದಿದ ಮೇಲೆ ಎಸ್‌ಒಡಿ ಮತ್ತೆ ಕೇಳಿದೆ. ನೀವು ಹೇಳಿದ್ದು ನಿಜ.

ರೂರ್‌ಕನ್ನಡಿಗರೇ, ಕ್ರಿಯೇಟರ್ ಮೊದಲ ಸಲ ಕೇಳಿದ್ದು ಒಬ್ಬ ಗೆಳೆಯ ಕೊಟ್ಟ ಕ್ಯಾಸೆಟ್‌ನಲ್ಲಿ. ಯಾರದ್ದೋ ಪ್ರತಿಯ ಪ್ರತಿಯ ಪ್ರತಿ. ಸದ್ದಿಗಿಂತ ಸೀಟಿಯೇ ಜಾಸ್ತಿ ಇತ್ತು. ಹೆಸರು ಪೆನ್ಸಿಲ್‌ನಲ್ಲಿ ಬರೆದಿತ್ತು, ಅದೂ ಅರ್ಧ ಅಳಿಸಿತ್ತು. ಎಷ್ಟೋ ವರ್ಷ ಅದು ಯಾರ ಹಾಡು ಅಂತಲೇ ಗೊತ್ತಿರಲಿಲ್ಲ. ಆಗ ಬೆಂಗಳೂರಿನಲ್ಲಿ ನಮಗೆ ಮೆಟಲ್ ಹೀಗೇ ಸಿಗುತ್ತಿದ್ದದ್ದು. ಅಂಗಡಿಯಲ್ಲಿ ಸಿಕ್ಕದ್ದು ನಾಲ್ಕೈದು ಹೆಸರು, ಉಳಿದದ್ದೆಲ್ಲ ಕೈಯಿಂದ ಕೈಗೆ. ಅಂಗಡಿಯಲ್ಲಿ ಸಿಕ್ಕವರೇ ದೊಡ್ಡವರು ಅಂತ ನನ್ನ ತಲೆಯೂ ನಂಬಿತ್ತು ಅಂತ ಈಗ ಅನಿಸುತ್ತಿದೆ.

ಬಿಸಿಲೂರು, ಕಲಬುರಗಿ

ಸೆಪುಲ್ಟುರಾ. ಒಂದೇ ಹೆಸರು ಬರೆದು ಹೋಗೋಣ ಅಂತಿದ್ದೆ, ಆದರೆ ಬರೆಯದೆ ಇರೋಕಾಗಲ್ಲ.

ಬ್ರೆಜಿಲ್‌ನ ಬೆಲೊ ಹೊರಿಜಾಂಟೆ. ಮ್ಯಾಕ್ಸ್ ಮತ್ತು ಇಗೋರ್ ಕವಲೆರಾ ಅಣ್ಣ ತಮ್ಮ. ಅಪ್ಪ ಬೇಗ ತೀರಿಕೊಂಡು ಮನೆ ಕಷ್ಟಕ್ಕೆ ಬಿತ್ತು. ಮೋಟರ್‌ಹೆಡ್ ಹಾಡೊಂದನ್ನು ಪೋರ್ಚುಗೀಸಿಗೆ ತಿರುಗಿಸುವಾಗ ಸಿಕ್ಕ 'ಗೋರಿ' ಅನ್ನೋ ಪದವೇ ಬ್ಯಾಂಡ್ ಹೆಸರಾಯಿತು. ಮೊದಲ ರೆಕಾರ್ಡ್‌ಗಳಲ್ಲಿ ಇಂಗ್ಲಿಷ್ ಹರಕು, ಸದ್ದು ಹರಕು. ಅಲ್ಲಿಂದ ಮೂರೇ ವರ್ಷಕ್ಕೆ 'ಬಿನೀತ್ ದಿ ರಿಮೇನ್ಸ್', 1989. ಅಮೆರಿಕಾದಿಂದ ಸ್ಕಾಟ್ ಬರ್ನ್ಸ್ ರಿಯೊಗೆ ಬಂದು ರೆಕಾರ್ಡ್ ಮಾಡಿದರು. 1991ರ 'ಅರೈಸ್' ಇನ್ನೂ ಮೇಲೆ.

ನಮ್ಮಂಥ ಊರಿನವರಿಗೆ ಇದರ ಅರ್ಥ ಬೇರೆ. ಅಮೆರಿಕಾ, ಯುರೋಪ್ ಬಿಟ್ಟು ಬೇರೆ ಕಡೆಯಿಂದಲೂ ಮೊದಲ ಸಾಲಿಗೆ ಬರಬಹುದು ಅಂತ ತೋರಿಸಿದ ಮೊದಲ ಥ್ರ್ಯಾಶ್ ಬ್ಯಾಂಡ್ ಅವರೇ. ಬೆಂಗಳೂರಿನ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದ ವೇದಿಕೆ ಹತ್ತಿದಾಗ ನನಗೆ ನೆನಪಾದದ್ದು ಸೆಪುಲ್ಟುರಾ.

ಹೊಸಕಿವಿ, ಶಿವಮೊಗ್ಗ

ಪ್ಯಾಂಟೆರಾ ಯಾರೂ ಹೇಳಲಿಲ್ಲ?

ಬಲಗೈ, ಮೈಸೂರು

ಪ್ಯಾಂಟೆರಾ ಮಹಾನ್ ಬ್ಯಾಂಡ್, ಅದರಲ್ಲಿ ಮಾತಿಲ್ಲ. ಆದರೆ ಈ ಸಾಲಿಗೆ ಬೇಡ. 1990ರ 'ಕೌಬಾಯ್ಸ್ ಫ್ರಮ್ ಹೆಲ್' ಹೊತ್ತಿಗೆ ಅವರು ವೇಗವನ್ನು ಇಳಿಸಿ ತೂಕ ಹೆಚ್ಚಿಸಿದರು. ಥ್ರ್ಯಾಶ್ ಓಡುತ್ತದೆ, ಪ್ಯಾಂಟೆರಾ ತುಳಿಯುತ್ತದೆ. ಅದಕ್ಕೆ 'ಗ್ರೂವ್' ಅಂತ ಬೇರೆ ಹೆಸರೇ ಬಂತು. ಅವರ ಬಗ್ಗೆ ಬೇರೆ ಚರ್ಚೆ ಶುರು ಮಾಡಪ್ಪಾ, ನಾನೇ ಮೊದಲು ಬರುತ್ತೇನೆ.

ಕೊಲ್ಲಿಬದಿ, ತುಮಕೂರು

ಟೆಸ್ಟಮೆಂಟ್, ಓವರ್‌ಕಿಲ್, ಡೆತ್ ಏಂಜೆಲ್. ಐದನೆಯವರು ಯಾರು ಅಂತ ಜಗಳ ಬಂದಾಗ ಯಾವಾಗಲೂ ಈ ಹೆಸರುಗಳು ಬರುತ್ತವೆ.

ಓವರ್‌ಕಿಲ್ ಬಗ್ಗೆ ನನಗೆ ಗೌರವ. ನ್ಯೂಜೆರ್ಸಿಯಲ್ಲಿ 1980ರಲ್ಲಿ ಶುರುವಾದವರು. ಗಾಯಕ ಬಾಬಿ ಎಲ್ಸ್‌ವರ್ತ್, ಬೇಸಿಸ್ಟ್ ಡಿ.ಡಿ. ವರ್ನಿ ಇವತ್ತಿಗೂ ಬಿಟ್ಟಿಲ್ಲ. ತೊಂಬತ್ತರ ದಶಕದಲ್ಲಿ ಗ್ರಂಜ್ ಅನ್ನೋ ಹೊಸ ಬಗೆಯ ರಾಕ್ ಬಂದು ಥ್ರ್ಯಾಶ್ ಕೇಳೋರೇ ಇಲ್ಲದಾದಾಗ ಎಷ್ಟೋ ಬ್ಯಾಂಡ್ ಮುಚ್ಚಿದವು, ಎಷ್ಟೋ ಬ್ಯಾಂಡ್ ಸದ್ದು ಬದಲಿಸಿದವು. ಓವರ್‌ಕಿಲ್ ಸುಮ್ನೆ ಆಲ್ಬಂ ಮಾಡುತ್ತಲೇ ಹೋಯಿತು. 2010ರ 'ಐರನ್‌ಬೌಂಡ್' ಕೇಳಿ. ಮೂವತ್ತು ವರ್ಷದ ಬ್ಯಾಂಡ್ ಅಂತ ನಂಬೋಕೆ ಆಗಲ್ಲ.

ಡೆತ್ ಏಂಜೆಲ್ ಕತೆ ಕೇಳಿದರೆ ಸಂಕಟ ಆಗುತ್ತದೆ. ಫಿಲಿಪೀನ್ಸ್ ಮೂಲದ ಕುಟುಂಬ, ಐದೂ ಜನ ಅಣ್ಣ ತಮ್ಮಂದಿರು, ದಾಯಾದಿಗಳು. ಅವರ ಡೆಮೊಗೆ ಕರ್ಕ್ ಹ್ಯಾಮೆಟ್ ಬೆಂಬಲ ನಿಂತರು. 1987ರಲ್ಲಿ 'ದಿ ಅಲ್ಟ್ರಾ ವಯಲೆನ್ಸ್' ಬಂದಾಗ ಡ್ರಮ್ಮರ್ ಆಂಡಿ ಗೇಲಿಯನ್ ಇನ್ನೂ ಹೈಸ್ಕೂಲ್ ವಯಸ್ಸಿನ ಹುಡುಗ. 1990ರಲ್ಲಿ ದೊಡ್ಡ ಕಂಪನಿಯಿಂದ 'ಆಕ್ಟ್ ತ್ರೀ' ಬಂತು, ಮೇಲೆ ಏರುತ್ತಿದ್ದರು. ಅದೇ ವರ್ಷ ಅರಿಜೋನಾದಲ್ಲಿ ಅವರ ಬಸ್ ಮಗುಚಿತು. ಗೇಲಿಯನ್ ಬದುಕಿದ್ದೇ ಹೆಚ್ಚು. ಬ್ಯಾಂಡ್ ಒಡೆಯಿತು. ಮತ್ತೆ ಸೇರಿದ್ದು 2001ರಲ್ಲಿ, ಟೆಸ್ಟಮೆಂಟ್‌ನ ಚಕ್ ಬಿಲ್ಲಿಗೆ ಕ್ಯಾನ್ಸರ್ ಬಂದಾಗ ಚಿಕಿತ್ಸೆಗೆ ಹಣ ಸೇರಿಸಲು ನಡೆದ ಕಾರ್ಯಕ್ರಮದಲ್ಲಿ. ಆ ದಿನ ಕೊಲ್ಲಿ ಕಡೆಯ ಹಳೆಯ ಬ್ಯಾಂಡ್‌ಗಳೆಲ್ಲ ಬಂದು ನುಡಿಸಿದವು. ಎಕ್ಸೊಡಸ್ ಕೂಡ, ಹಳೆಯ ಗಾಯಕ ಪಾಲ್ ಬ್ಯಾಲಾಫ್ ಜೊತೆ. ಕೆಲವೇ ತಿಂಗಳಲ್ಲಿ, 2002ರ ಫೆಬ್ರವರಿಯಲ್ಲಿ, ಬ್ಯಾಲಾಫ್ ತೀರಿಕೊಂಡರು. ಚಕ್ ಬಿಲ್ಲಿ ಗುಣವಾದರು, ಇವತ್ತಿಗೂ ಹಾಡುತ್ತಾರೆ.

ಟೆಸ್ಟಮೆಂಟ್‌ಗೆ ಒಂದೇ ಸಾಲು ಸಾಕು. 1988ರ 'ದಿ ನ್ಯೂ ಆರ್ಡರ್' ಕೇಳಿ. ಗಿಟಾರ್‌ಕಾರ ಅಲೆಕ್ಸ್ ಸ್ಕಾಲ್ನಿಕ್ ಆಗ 19ರ ಹುಡುಗ.

ಡಬಲ್‌ಬೇಸ್, ಧಾರವಾಡ

ಬಸ್ ಅಪಘಾತದ ಮಾತು ಓದಿ ಮೆಟಾಲಿಕಾ ಬೇಸಿಸ್ಟ್ ಕ್ಲಿಫ್ ಬರ್ಟನ್ ನೆನಪಾದರು. 1986ರ ಸೆಪ್ಟೆಂಬರ್ 27, ಸ್ವೀಡನ್. ಬಸ್ ಮಗುಚಿ ತೀರಿಕೊಂಡಾಗ 24 ವರ್ಷ. ಬೇಸ್‌ಗೆ ಗಿಟಾರಿನಷ್ಟೇ ಮಾತಾಡೋ ಹಕ್ಕಿದೆ ಅಂತ ಮೆಟಾಲಿಕಾದಲ್ಲಿ ತೋರಿಸಿದವರು ಅವರು. ಅವರು ಇದ್ದಿದ್ದರೆ ಮುಂದಿನ ಆಲ್ಬಂನಲ್ಲಿ ಬೇಸ್ ಕೇಳದ ಹಾಗೆ ಅಡಗಿಸಲು ಬಿಡುತ್ತಿದ್ದರಾ? ನನಗಂತೂ ನಂಬಿಕೆ ಇಲ್ಲ.

ಪೀಸ್‌ಸೆಲ್ಸ್, ಹಾಸನ

ಮೆಗಾಡೆತ್ ಬಗ್ಗೆ ಯಾರೂ ಜಗಳ ಆಡುತ್ತಿಲ್ಲ, ಆದರೂ ಒಂದು ಮಾತು.

1983ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೆಟಾಲಿಕಾದವರು ತಮ್ಮ ಗಿಟಾರ್‌ಕಾರ ಡೇವ್ ಮಸ್ಟೇನ್‌ನನ್ನು ಬೆಳಿಗ್ಗೆ ಎಬ್ಬಿಸಿ, ನೀನು ಬ್ಯಾಂಡ್‌ನಲ್ಲಿಲ್ಲ ಅಂತ ಹೇಳಿ ಬಸ್ ಹತ್ತಿಸಿದರು. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ, ದಿನಗಟ್ಟಲೆ ಪ್ರಯಾಣ. 'ಕಿಲ್ ಎಮ್ ಆಲ್' ಆಲ್ಬಂನ ನಾಲ್ಕು ಹಾಡಿನಲ್ಲಿ, ಅದರ ಮುಂದಿನದರ ಎರಡು ಹಾಡಿನಲ್ಲಿ ಅವರ ಹೆಸರಿದೆ. ಅಷ್ಟನ್ನು ಬಿಟ್ಟು ಬಂದವರು ಮೆಗಾಡೆತ್ ಕಟ್ಟಿ ಏಳೇ ವರ್ಷದಲ್ಲಿ 'ರಸ್ಟ್ ಇನ್ ಪೀಸ್' ಮಾಡಿದರು. ಥ್ರ್ಯಾಶ್‌ನಲ್ಲಿ ಗಿಟಾರ್ ಇದಕ್ಕಿಂತ ಎತ್ತರಕ್ಕೆ ಹೋದದ್ದನ್ನು ನಾನು ಕೇಳಿಲ್ಲ. 2008ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಮೆಗಾಡೆತ್ 'ಹೋಲಿ ವಾರ್ಸ್' ನುಡಿಸಿದಾಗ ನನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯ ನನ್ನ ಹೆಗಲು ಹಿಡಿದು ಅತ್ತ. ನಾನೂ ಅತ್ತೆ.

ರೈನಿಂಗ್86, ಬೆಂಗಳೂರು

2011ರ ಅಕ್ಟೋಬರ್ 30, ಅದೇ ಮೈದಾನ, ಮೆಟಾಲಿಕಾ. ಎರಡು ದಿನ ಮುಂಚೆ ಗುರುಗಾಂವ್ ಕಾರ್ಯಕ್ರಮ ರದ್ದಾಗಿತ್ತು. ಇಲ್ಲೂ ಆಗಲ್ಲವೇನೋ ಅಂತ ಇಡೀ ದಿನ ಹೊಟ್ಟೆಯಲ್ಲಿ ಸಂಕಟ. ಮಳೆ, ಕೆಸರು, ಕೆಂಪಗಾದ ಶೂ. ದೀಪ ಆರಿದಾಗ ಎದ್ದ ಕೂಗು ಈಗಲೂ ಕಿವಿಯಲ್ಲಿದೆ. ಮೆಟಾಲಿಕಾದ 'ಕಪ್ಪು ಆಲ್ಬಂ' ಅಮೆರಿಕಾ ಒಂದರಲ್ಲೇ 1.6 ಕೋಟಿಗೂ ಜಾಸ್ತಿ ಮಾರಾಟವಾಗಿದೆ, ಅದು ಥ್ರ್ಯಾಶ್ ಅಲ್ಲ ಅಂತ ನಾವೆಲ್ಲ ವಾದಿಸುತ್ತೇವೆ. ಆದರೆ ಅಲ್ಲಿ ಬಂದವರಲ್ಲಿ ಎಷ್ಟೋ ಜನ ಆ ಆಲ್ಬಂ ಮೂಲಕವೇ ಹಿಂದಕ್ಕೆ ಹೋಗಿ 'ರೈಡ್ ದಿ ಲೈಟ್ನಿಂಗ್' ಕೇಳಿದವರು. ಆ ಬಾಗಿಲಿಗೂ ಲೆಕ್ಕ ಇದೆ.

ಹಳೇಕ್ಯಾಸೆಟ್, ಬಸವನಗುಡಿ

ಎಲ್ಲರ ಮಾತನ್ನೂ ಎರಡು ಸಲ ಓದಿದೆ. ನನ್ನ ಮಟ್ಟಿಗೆ ಈಗ ಹೀಗಿದೆ.

ಆ ನಾಲ್ಕೂ ಇರಲಿ, ಆಂಥ್ರಾಕ್ಸ್ ಸೇರಿ. ಎಕ್ಸೊಡಸ್ ಅವರ ಪಕ್ಕದಲ್ಲೇ, ಒಂದು ಮೆಟ್ಟಿಲೂ ಕೆಳಗಲ್ಲ. ಕ್ರಿಯೇಟರ್, ಸೋಡಮ್ ಎರಡೂ ಬೇಕು. ಅವರಿಲ್ಲದೆ ಯುರೋಪಿನ ಮುಂದಿನ ಕತ್ತಲೆಯ ಸಂಗೀತ ಇಲ್ಲ. ಸೆಪುಲ್ಟುರಾ ಬೇಕು. ಡಾರ್ಕ್ ಏಂಜೆಲ್ ವಿಷಯದಲ್ಲಿ ಧಾರವಾಡದ ಮೇಡಂ ಮಾತು ನನ್ನನ್ನು ಅರ್ಧ ಒಪ್ಪಿಸಿದೆ. ಒಂದು ಆಲ್ಬಂ ಸಾಕಾ ಅನ್ನೋ ಪ್ರಶ್ನೆ ಉಳಿದಿದೆ.

ಟೆಸ್ಟಮೆಂಟ್, ಓವರ್‌ಕಿಲ್ ಬಗ್ಗೆ ತುಮಕೂರಿನವರಿಗೆ ಬೇಜಾರಾಗಬಹುದು. ನಾನು ಇಬ್ಬರನ್ನೂ ವಾರಕ್ಕೊಮ್ಮೆ ಕೇಳುತ್ತೇನೆ. ಆದರೆ ಅವರು ಇದ್ದ ಭಾಷೆಯನ್ನು ತುಂಬಾ ಚೆನ್ನಾಗಿ ಮಾತಾಡಿದರು. ಮೇಲಿನವರು ಆ ಭಾಷೆ ಕಟ್ಟಿದವರು. ನನ್ನ ಗೆರೆ ಅಲ್ಲಿ ಬೀಳುತ್ತದೆ.

ಕೆನಡಾದ ವೊಯ್ವೊಡ್ ಯಾರೂ ಹೇಳಲಿಲ್ಲ. 1988ರ 'ಡೈಮೆನ್ಷನ್ ಹಾಟ್ರಾಸ್' ಕೇಳಿ ಆಮೇಲೆ ಮಾತಾಡೋಣ. ಅವರ ಹಾಗೆ ಇನ್ಯಾರೂ ನುಡಿಸಲಿಲ್ಲ, ಅವರನ್ನು ಎಲ್ಲಿ ಇಡಬೇಕೋ ನನಗೆ ತೋಚುತ್ತಿಲ್ಲ.

ಆಫೀಸಿನ ಹುಡುಗನಿಗೆ ಇವತ್ತು ಹೊಸ ಪಟ್ಟಿ ಕೊಟ್ಟೆ. ಮೊದಲ ಸಾಲಿನಲ್ಲಿ 'ಬಾಂಡೆಡ್ ಬೈ ಬ್ಲಡ್' ಬರೆದೆ.

ಕೊಲ್ಲಿಬದಿ, ತುಮಕೂರು

ಬೇಜಾರಿಲ್ಲ ಸಾರ್, ಆದರೆ ಒಪ್ಪಿಗೆಯೂ ಇಲ್ಲ. ನಲವತ್ತು ವರ್ಷ ಒಂದು ಭಾಷೆಯನ್ನು ಉಳಿಸಿದವರೂ ಅದನ್ನು ಕಟ್ಟಿದವರೇ ಅಂತ ನನ್ನ ವಾದ. ಓವರ್‌ಕಿಲ್ ಬಿಟ್ಟುಕೊಡೋದಿಲ್ಲ.

ಹೊಸಕಿವಿ, ಶಿವಮೊಗ್ಗ

ಒಂದು ವಾರದಿಂದ ನೀವು ಹೇಳಿದ್ದನ್ನೆಲ್ಲ ಕೇಳುತ್ತಿದ್ದೇನೆ. 'ಡಾರ್ಕ್‌ನೆಸ್ ಡಿಸೆಂಡ್ಸ್' ಮೂರು ಸಲ ಆಯಿತು, ಧಾರವಾಡದ ಅಕ್ಕನಿಗೆ ಥ್ಯಾಂಕ್ಸ್. ಎಕ್ಸೊಡಸ್‌ನ 'ಎ ಲೆಸನ್ ಇನ್ ವಯಲೆನ್ಸ್' ಕಲಿಯೋಕೆ ಶುರು ಮಾಡಿದೆ. ನಿಧಾನಕ್ಕೆ ಬರುತ್ತದೆ, ವೇಗ ಹೆಚ್ಚಿಸಿದರೆ ಮಣಿಕಟ್ಟು ನೋಯುತ್ತದೆ. ಏನು ಮಾಡಲಿ?

ಬಲಗೈ, ಮೈಸೂರು

ನೋವು ಬಂದ ತಕ್ಷಣ ನಿಲ್ಲಿಸಬೇಕು ತಮ್ಮಾ, ತಡೆದುಕೊಂಡು ನುಡಿಸಬೇಡ. ಪಿಕ್ ಬಿಗಿಯಾಗಿ ಹಿಡಿಯುತ್ತಿದ್ದೀಯ ಅಂತ ಕಾಣುತ್ತದೆ. ಬೆರಳಿನಿಂದ ಅದರ ತುದಿ ಸ್ವಲ್ಪವೇ ಹೊರಗೆ ಇರಲಿ. ಮೆಟ್ರೊನೋಮ್ (ತಾಳ ಹಿಡಿಯುವ ಯಂತ್ರ) 100ಕ್ಕೆ ಇಡು, ನಾಲ್ಕು ದಿನ ಅಲ್ಲೇ ಇರು, ಆಮೇಲೆ ನಾಲ್ಕು ನಾಲ್ಕಾಗಿ ಏರಿಸು. ಅವಸರ ಬೇಡ. ಬರೋ ಭಾನುವಾರ ನುಡಿಸಿದ್ದನ್ನು ರೆಕಾರ್ಡ್ ಮಾಡಿ ಇಲ್ಲಿ ಹಾಕು, ಕೈ ನೋಡಿ ಹೇಳುತ್ತೇನೆ.